‘ನಾನ್ಯಾರು?’ ಪಂಪ ಹೇಳ್ಕೊಂಡ, ಮುದ್ದಣ ಬಚ್ಚಿಟ್ಟ

ಕಂತು 1 | ಪಾಡ್‌ಕಾಸ್ಟ್‌ನ ಬರಹ ರೂಪ

ಇದು ನಮ್ಮ ಮೊದಲನೇ ಕಂತು. ನೀವು ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ ಇದನ್ನ ಕೇಳ್ತಿರಬಹುದು. ಎಲ್ಲಿದ್ರೂ ಸರಿ, ಒಂದು ಹದಿನೈದು ನಿಮಿಷ ಜೊತೆಗಿರಿ.

ಮೊದಲನೇ ಕಂತು ಅಂದ್ಮೇಲೆ ಪರಿಚಯ ಮಾಡ್ಕೋಬೇಕಲ್ವಾ? ನಿಜ ಹೇಳ್ತೀನಿ, ಈ ಪರಿಚಯದ ಎರಡು ನಿಮಿಷವನ್ನ ಹನ್ನೊಂದು ಸಲ ರೆಕಾರ್ಡ್ ಮಾಡಿದೆ, ಹನ್ನೊಂದು ಸಲ ಅಳಿಸಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ನಾಲಿಗೆ ತೊದಲುತ್ತೆ. ‘ನಾನು ಬಿ.ಕಾಂ. ಓದಿದವನು’ ಅನ್ನೋ ಜಾಗದಲ್ಲಿ.

ಅದಕ್ಕೊಂದು ಹಿನ್ನೆಲೆ ಇದೆ. ಎರಡು ವರ್ಷ ನಾನು ಒಂದು ಕಡೆ ಇತಿಹಾಸದ ವಿಡಿಯೊಗಳಿಗೆ ಸ್ಕ್ರಿಪ್ಟ್ ಬರೀತಿದ್ದೆ. ಓದೋದು ನಾನು, ಬರೆಯೋದು ನಾನು, ಕೊನೆಯಲ್ಲಿ ಬರ್ತಿದ್ದ ಹೆಸರು ಬೇರೆಯವರದ್ದು. ಒಂದು ದಿನ ಧೈರ್ಯ ಮಾಡಿ ಕೇಳಿದೆ, ‘ಸಾರ್, ಒಂದು ಮೂಲೇಲಿ ನನ್ನ ಹೆಸರೂ ಹಾಕ್ಬಹುದಾ?’ ಅಂತ. ಅವರು ಸಿಟ್ಟೇನೂ ಮಾಡ್ಕೊಳ್ಳಲಿಲ್ಲ. ನಕ್ಕು ಹೇಳಿದ್ರು, ‘ಬಿ.ಕಾಂ. ಹುಡುಗ ಬರೆದ ಇತಿಹಾಸ ಅಂದ್ರೆ ಜನ ನಂಬ್ತಾರೇನಪ್ಪ?’

ಬೇಜಾರಾಗಿದ್ದು ಆ ಮಾತಿಗಲ್ಲ. ನಾನು ತಲೆ ಆಡಿಸಿ ‘ಅದೂ ನಿಜ ಸಾರ್’ ಅಂದ್ಬಿಟ್ಟೆನಲ್ಲ, ಅದಕ್ಕೆ.

ಆಮೇಲೆ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಕನ್ನಡದಲ್ಲಿ ಬರೆದವರು ಓದುಗರ ಮುಂದೆ ಮೊದಲ ಸಲ ನಿಂತಾಗ ‘ನಾನು ಇಂಥವನು’ ಅಂತ ಹೇಗೆ ಹೇಳ್ಕೊಂಡ್ರು? ಸರ್ಟಿಫಿಕೇಟ್ ತೋರಿಸಿದ್ರಾ? ಇವತ್ತಿನ ಕಂತು ಅದರ ಬಗ್ಗೆ. ಕೊನೆಗೆ ಹನ್ನೆರಡನೇ ಸಲ ನನ್ನ ಪರಿಚಯನೂ ಮಾಡ್ಕೋತೀನಿ.

ಪಂಪನ ಪ್ರೊಫೈಲ್

ಶುರು ಮಾಡೋಣ ಆದಿಕವಿಯಿಂದಲೇ. ಇಸವಿ 941. ಅಂದ್ರೆ ಇವತ್ತಿಗೆ ಸಾವಿರ ವರ್ಷಕ್ಕಿಂತ ಹಿಂದೆ. ಪಂಪ ಎರಡು ಕಾವ್ಯ ಬರೀತಾನೆ. ಒಂದು ‘ಆದಿಪುರಾಣ’, ಇನ್ನೊಂದು ‘ವಿಕ್ರಮಾರ್ಜುನ ವಿಜಯ’. ಎರಡನೆಯದನ್ನ ನಾವು ‘ಪಂಪ ಭಾರತ’ ಅಂತೀವಿ. ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಸ್ಥಾನ ಅದು. ವೇಮುಲವಾಡ ಇವತ್ತು ತೆಲಂಗಾಣದಲ್ಲಿದೆ.

ಪಂಪ ತನ್ನ ಬಗ್ಗೆ ಏನೆಲ್ಲ ಹೇಳ್ಕೊಂಡಿದ್ದಾನೆ ನೋಡಿ. ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆ ಅಂತಾನೆ. ಲೆಕ್ಕ ಹಾಕಿದ್ರೆ ಅದು 902. ಮನೆತನದ ಮೂಲ ವೆಂಗಿ ನಾಡು. ಒಂದು ಕಾವ್ಯ ಮೂರು ತಿಂಗಳಲ್ಲಿ ಮುಗಿಯಿತು, ಇನ್ನೊಂದು ಆರು ತಿಂಗಳಲ್ಲಿ ಅಂತ ಲೆಕ್ಕ ಕೊಡ್ತಾನೆ. ನಾನು ಇಲ್ಲಿ ಲೌಕಿಕ ಬೆಳಗ್ತೀನಿ, ಅಲ್ಲಿ ಜಿನಧರ್ಮ ಬೆಳಗ್ತೀನಿ ಅಂತ ತನ್ನ ಎರಡು ಕೆಲಸಗಳ ವ್ಯತ್ಯಾಸವನ್ನೂ ಹೇಳ್ತಾನೆ. ಅಷ್ಟೇ ಅಲ್ಲ, ತಾನು ನೋಡೋಕೆ ಹೇಗಿದ್ದೀನಿ ಅಂತಲೂ ವರ್ಣಿಸ್ಕೊಂಡಿದ್ದಾನೆ. ಬಾಳೆಯ ಒಳತಿರುಳಿಗೆ ಹೋಲಿಸಿರೋ ಮೈಬಣ್ಣ, ಮೆತ್ತಗಿನ ಗುಂಗುರು ಕೂದಲು, ತಾವರೆಯಂಥ ಮುಖ, ಹದವಾದ ಮೈಕಟ್ಟು, ಮಿತವಾದ ಮೆತ್ತನೆ ಮಾತು. ಕ್ಯಾಮೆರಾ ಇಲ್ಲದ ಕಾಲದ ಪ್ರೊಫೈಲ್ ಫೋಟೊ ಅನ್ನಿ.

ಇದನ್ನ ಓದಿದಾಗ ನಂಗೆ ಮೊದಲು ನಗು ಬಂತು. ಎಷ್ಟು ಜಂಭ ಈ ಮನುಷ್ಯನಿಗೆ ಅನ್ನಿಸ್ತು. ಆದ್ರೆ ‘ವಿಕ್ರಮಾರ್ಜುನ ವಿಜಯ’ದ ಕೊನೆಗೆ ಬಂದಾಗ ನಗು ನಿಂತುಹೋಯ್ತು. ಅಲ್ಲಿ ಪಂಪ ತನ್ನ ವಂಶದ ಕಥೆ ಹೇಳ್ತಾನೆ. ಮುತ್ತಾತಂದಿರ ಸಾಲಿನಲ್ಲಿ ಮಾಧವ ಸೋಮಯಾಜಿ ಅನ್ನೋರು ಬರ್ತಾರೆ. ದೊಡ್ಡ ಯಜ್ಞಗಳನ್ನ ಮಾಡಿದವರು, ದೊಡ್ಡ ಹೆಸರು. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಬಿಟ್ಟುಬಿಡ್ತಿದ್ರು. ಪಂಪ ಬಿಡಲ್ಲ. ಆ ಯಜ್ಞಗಳ ಹೊಗೆಯೇ ಅವರ ಕೀರ್ತಿಗೆ ಕಪ್ಪು ಹಿಡಿಸಿತು ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಪಂಪನ ತಂದೆ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜೈನ ಧರ್ಮಕ್ಕೆ ಬಂದವರು. ಅದನ್ನೂ ಮುಚ್ಚಿಡಲ್ಲ, ಹೆಮ್ಮೆಯಿಂದಲೇ ಹೇಳ್ತಾನೆ.

ಕಾಮರ್ಸ್ ಓದಿದವನಾಗಿ ನಂಗೆ ಇದು ಬೇಗ ಅರ್ಥ ಆಯ್ತು. ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಮಾತ್ರ ತೋರಿಸಿದ್ರೆ ಅದು ಬ್ಯಾಲೆನ್ಸ್ ಶೀಟ್ ಅಲ್ಲ, ಜಾಹೀರಾತು. ಸಾಲದ ಕಡೆಯನ್ನೂ ತೋರಿಸಬೇಕು. ಪಂಪ ಎರಡೂ ಕಡೆ ಬರೆದಿದ್ದಾನೆ.

ಈ ಪರಿಚಯಕ್ಕೆ ಒಂದು ಸಾಕ್ಷಿನೂ ಇದೆ. ತೆಲಂಗಾಣದ ಕರೀಂನಗರದ ಹತ್ತಿರ ಕುರಿಕ್ಯಾಲ ಅನ್ನೋ ಊರು, ಅಲ್ಲಿ ಬೊಮ್ಮಲಗುಟ್ಟ ಅನ್ನೋ ಬೆಟ್ಟ. ಪಂಪನ ತಮ್ಮ ಜಿನವಲ್ಲಭ ಅಲ್ಲಿ ಬಂಡೆ ಮೇಲೆ ಶಾಸನ ಕೆತ್ತಿಸಿದ್ದಾನೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆ ಇರೋ ಶಾಸನ. ಅಣ್ಣ ಕಾವ್ಯದಲ್ಲಿ ಹೇಳಿದ ಮನೆತನದ ಮಾತನ್ನ ತಮ್ಮ ಕಲ್ಲಿನ ಮೇಲೆ ಹೇಳಿದ್ದಾನೆ. ಅವರ ತಾಯಿ ಹೆಸರು ಅಬ್ಬಣಬ್ಬೆ ಅಂತ ನಮಗೆ ತಿಳಿಯೋದು ಈ ಕಲ್ಲಿನಿಂದ.

ಬಳೆಗಾರರ ಮನೆ ಹುಡುಗ

ಪಂಪನಿಗೆ ಆಸ್ಥಾನ ಇತ್ತು, ಪಾಂಡಿತ್ಯದ ಮನೆತನ ಇತ್ತು, ಅವನು ಹೇಳ್ಕೊಂಡ ಬಿಡಿ ಅಂತ ನೀವು ಅನ್ನಬಹುದು. ಹಾಗಿದ್ರೆ ರನ್ನನ ಹತ್ತಿರ ಬನ್ನಿ.

ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲು ಅನ್ನೋ ಊರಲ್ಲಿ. ಇವತ್ತಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಮನೆಯವರ ಕೆಲಸ ಬಳೆ ವ್ಯಾಪಾರ. ಬಳೆಗಾರರ ಮನೆ ಹುಡುಗ ಓದಬೇಕು ಅಂತ ಊರು ಬಿಟ್ಟು ಹೋಗ್ತಾನೆ. ಅಜಿತಸೇನಾಚಾರ್ಯರು ಗುರುಗಳಾಗಿ ಸಿಗ್ತಾರೆ, ಚಾವುಂಡರಾಯ ಕೈ ಹಿಡೀತಾನೆ, ಆಮೇಲೆ ಅತ್ತಿಮಬ್ಬೆ ಆಶ್ರಯ ಕೊಡ್ತಾಳೆ. 993ರಲ್ಲಿ ‘ಅಜಿತಪುರಾಣ’ ಬರೀತಾನೆ. ಅದರಲ್ಲಿ ತನ್ನ ಕುಲ ಯಾವುದು, ಅಪ್ಪ ಅಮ್ಮ ಯಾರು ಅಂತ ನೇರವಾಗಿ ಹೇಳ್ತಾನೆ. ದೊಡ್ಡ ಕವಿ ಆದ್ಮೇಲೆ ಬಳೆ ಮಲಾರವನ್ನ ಮಂಚದ ಕೆಳಗೆ ತಳ್ಳಲಿಲ್ಲ.

ಇನ್ನೊಂದು ಚೆಂದದ ವಿಷಯ. ರನ್ನನ ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ಗೊತ್ತಾಯ್ತಲ್ಲ? ಚಾವುಂಡರಾಯನ ಹೆಸರು ಮಗನಿಗೆ, ಅತ್ತಿಮಬ್ಬೆಯ ಹೆಸರು ಮಗಳಿಗೆ. ಯಾರ ಋಣದಲ್ಲಿದ್ದೀನಿ ಅಂತ ದಿನಾ ಮನೆಯಲ್ಲಿ ಕರೆಯೋ ಹೆಸರಲ್ಲೇ ಇಟ್ಕೊಂಡಿದ್ದ.

ಹಾಗಂತ ರನ್ನ ತುಂಬಾ ವಿನಯವಂತ ಅಂದ್ಕೋಬೇಡಿ. ನನ್ನ ಕಾವ್ಯವನ್ನ ಪರೀಕ್ಷೆ ಮಾಡೋಕೆ ಎಂಟೆದೆ ಬೇಕು ಅಂತ ಸವಾಲು ಹಾಕಿದವನು ಅವನು. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದ್ರೆ ಬಂಡೆ ಮೇಲೆ ‘ಕವಿರತ್ನ’ ಅಂತ ಕೆತ್ತಿರೋ ಅಕ್ಷರ ಸಿಗುತ್ತೆ, ಅದು ರನ್ನನದ್ದು ಅಂತ ವಿದ್ವಾಂಸರು ಗುರುತಿಸ್ತಾರೆ. ಬಳೆಗಾರರ ಮನೆಯವನು ಅಂತ ಹೇಳೋದಕ್ಕೂ ಕವಿರತ್ನ ಅಂತ ಹೇಳೋದಕ್ಕೂ ಅವನಿಗೆ ಜಗಳ ಕಾಣಲಿಲ್ಲ. ಎರಡೂ ನಿಜ ಆಗಿತ್ತು.

ಅಂಕಿತ ಅನ್ನೋ ಸಹಿ

ಇನ್ನೂರು ವರ್ಷ ಮುಂದೆ ಹೋಗೋಣ. ಹನ್ನೆರಡನೇ ಶತಮಾನ, ಕಲ್ಯಾಣ. ಇಲ್ಲಿ ಬರೆಯೋರು ಆಸ್ಥಾನದವರಲ್ಲ. ದೋಣಿ ನಡೆಸೋರು, ಬಟ್ಟೆ ಒಗೆಯೋರು, ಅಕ್ಕಿ ಆಯೋರು, ಚಪ್ಪಲಿ ಹೊಲಿಯೋರು. ಅವರು ವಂಶದ ಕಥೆ ಹೇಳೋಕೆ ಹೋಗಲ್ಲ. ವಚನದ ಕೊನೆಯಲ್ಲಿ ಒಂದು ಅಂಕಿತ ಇಡ್ತಾರೆ, ಅಷ್ಟೇ. ಬಸವಣ್ಣನವರದ್ದು ಕೂಡಲಸಂಗಮದೇವ, ಅಕ್ಕಮಹಾದೇವಿಯದ್ದು ಚೆನ್ನಮಲ್ಲಿಕಾರ್ಜುನ, ಅಲ್ಲಮನದ್ದು ಗುಹೇಶ್ವರ. ಸಾಮಾನ್ಯವಾಗಿ ಅಂಕಿತ ಅಂದ್ರೆ ಅವರವರು ನಂಬಿದ ದೇವರ ಹೆಸರು.

ಅಂಬಿಗರ ಚೌಡಯ್ಯ ಮಾತ್ರ ಬೇರೆ. ಅವನ ಅಂಕಿತ ಅವನದೇ ಹೆಸರು, ಅದೂ ಕಸುಬಿನ ಜೊತೆ. ಎಲ್ಲರೂ ದೇವರ ಹೆಸರು ಇಡೋ ಜಾಗದಲ್ಲಿ ದೋಣಿ ನಡೆಸೋನು ತನ್ನ ಹೆಸರಿಟ್ಟ. ಅವನ ವಚನಗಳು ಎಷ್ಟು ಖಾರ ಅಂತ ಓದಿದವರಿಗೆ ಗೊತ್ತು. ಅಷ್ಟು ಖಾರದ ಮಾತಾಡಿ ‘ಇದನ್ನ ಹೇಳಿದ್ದು ನಾನೇ’ ಅಂತ ಸಹಿ ಹಾಕಿದ್ದಾನೆ.

ಸೂಳೆ ಸಂಕವ್ವೆ ಅನ್ನೋ ವಚನಕಾರ್ತಿ ಇದ್ದಾಳೆ. ನಮಗೆ ಸಿಕ್ಕಿರೋದು ಅವಳ ಒಂದೇ ವಚನ. ಅಂಕಿತ ‘ನಿರ್ಲಜ್ಜೇಶ್ವರ’. ಸಮಾಜ ಯಾವ ಕೆಲಸಕ್ಕೆ ನಾಚಿಕೆ ಅನ್ನೋ ಹಣೆಪಟ್ಟಿ ಕಟ್ಟಿತ್ತೋ, ಆ ಕೆಲಸದಲ್ಲಿದ್ದ ಹೆಣ್ಣು ಲಜ್ಜೆ ಇಲ್ಲದ ಈಶ್ವರನ ಹೆಸರಲ್ಲಿ ಮಾತಾಡಿದ್ದಾಳೆ. ಒಂದೇ ಒಂದು ವಚನ ಎಂಟುನೂರು ವರ್ಷ ದಾಟಿ ಅವಳನ್ನ ಕರ್ಕೊಂಡು ಬಂದಿದೆ.

ಉಡುಪಿಯ ಡ್ರಿಲ್ ಮಾಸ್ತರರು

ಈಗ ಈ ಕಂತನ್ನ ನಾನು ಯಾರಿಗೋಸ್ಕರ ಮಾಡಿದೆನೋ ಅವರ ಕಥೆ.

1870. ಕಾರ್ಕಳದ ಹತ್ತಿರ ನಂದಳಿಕೆ ಅನ್ನೋ ಹಳ್ಳಿ. ಬಡವರ ಮನೆಯಲ್ಲಿ ಲಕ್ಷ್ಮೀನಾರಣಪ್ಪ ಹುಟ್ತಾರೆ. ದುಡ್ಡಿಲ್ಲದೆ ಓದು ಅರ್ಧಕ್ಕೇ ನಿಲ್ಲುತ್ತೆ. ಹೇಗೋ ಮೇಷ್ಟ್ರ ತರಬೇತಿ ಆಗುತ್ತೆ, ಮದ್ರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣ ಕಲಿತು ಬರ್ತಾರೆ. ಶಾಲೆಯಲ್ಲಿ ಡ್ರಿಲ್ ಮಾಸ್ತರರ ಕೆಲಸ. ನಮ್ಮ ಭಾಷೆಯಲ್ಲಿ ಪಿ.ಟಿ. ಮೇಷ್ಟ್ರು.

ಹಗಲು ಹುಡುಗರಿಗೆ ಸಾಲಾಗಿ ನಿಲ್ಲೋದು ಕಲಿಸ್ತಿದ್ದ ಈ ಮೇಷ್ಟ್ರು ಯಕ್ಷಗಾನ ಪ್ರಸಂಗ ಬರೆದರು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಅವರವೇ. ಅದರ ಜೊತೆಗೆ ಇನ್ನೊಂದು ಹುಚ್ಚು, ಹಳಗನ್ನಡ. ಓದೋದು ಮಾತ್ರ ಅಲ್ಲ, ಹಳಗನ್ನಡದಲ್ಲಿ ಬರೆಯೋದು.

ಕಾಲ ಹೇಗಿತ್ತು ಅಂತ ಸ್ವಲ್ಪ ನೋಡಿ. ತಾಳೆಗರಿಯಲ್ಲಿದ್ದ ಹಳೆ ಕಾವ್ಯಗಳನ್ನ ಹುಡುಕಿ ಅಚ್ಚು ಹಾಕೋ ಹುರುಪು ಅದು. 1894ರಲ್ಲಿ ಕಿಟೆಲ್ಲರ ನಿಘಂಟು ಬಂತು. 1898ರಲ್ಲಿ ಬಿ.ಎಲ್. ರೈಸ್ ಪಂಪ ಭಾರತವನ್ನ ಅಚ್ಚು ಹಾಕಿಸಿದ್ರು. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು ‘ಕಾವ್ಯಮಂಜರಿ’ ಅನ್ನೋ ಪತ್ರಿಕೆಯಲ್ಲಿ ಹಳೆ ಕಾವ್ಯಗಳನ್ನ ಪ್ರಕಟಿಸ್ತಿದ್ರು. ಅಂದ್ರೆ ಹಳಗನ್ನಡಕ್ಕೆ ಆಗ ದೊಡ್ಡ ಮರ್ಯಾದೆ ಇತ್ತು. ಆದ್ರೆ ಆ ಮರ್ಯಾದೆ ಸತ್ತುಹೋದ ಕವಿಗಳಿಗೆ. ಉಡುಪಿಯಲ್ಲಿ ಸೀಟಿ ಊದ್ತಿದ್ದ ಇಪ್ಪತ್ತೈದರ ಹುಡುಗನಿಗಲ್ಲ.

ಲಕ್ಷ್ಮೀನಾರಣಪ್ಪನವರು ಏನು ಮಾಡಿದ್ರು ಗೊತ್ತಾ? 1895ರಲ್ಲಿ ‘ಅದ್ಭುತ ರಾಮಾಯಣ’ವನ್ನ ಮೈಸೂರಿಗೆ ಕಳಿಸಿದ್ರು. ನಾನು ಬರೆದದ್ದು ಅಂತ ಅಲ್ಲ, ಯಾವುದೋ ಹಳೇ ಕವಿಯ ಕೃತಿ ಅನ್ನೋ ಹಾಗೆ. ಅಚ್ಚಾಯ್ತು. ಮರುವರ್ಷ ‘ಶ್ರೀರಾಮ ಪಟ್ಟಾಭಿಷೇಕ’. ಆಮೇಲೆ ಅವರ ಅತಿ ದೊಡ್ಡ ಕೆಲಸ ‘ಶ್ರೀರಾಮಾಶ್ವಮೇಧ’, ‘ಕಾವ್ಯಕಲಾನಿಧಿ’ಯಲ್ಲಿ. ಅದರ ಮೇಲಿದ್ದ ಹೆಸರು, ಮುದ್ದಣ. ಮುದ್ದಣ ಅಂದ್ರೆ ಯಾರೋ ಹಳಬ ಅಂತ ಓದಿದವರು ಅಂದುಕೊಂಡ್ರು.

ನನ್ನ ಸ್ಕ್ರಿಪ್ಟ್ ಕಥೆ ನೆನಪಾಯ್ತಾ? ನನ್ನ ಬರಹಕ್ಕೆ ಬೇರೆಯವರು ಬೇರೆ ಹೆಸರು ಹಾಕಿದ್ರು. ಇವರು ತಮ್ಮ ಬರಹಕ್ಕೆ ತಾವೇ ಬೇರೆ ಕಾಲವನ್ನ ಹಾಕಿದ್ರು. ಬೇರು ಒಂದೇ: ನನ್ನಂಥವನು ಬರೆದದ್ದು ಅಂದ್ರೆ ಯಾರು ನಂಬ್ತಾರೆ?

ಮನೋರಮೆಗೆ ಎಲ್ಲ ಗೊತ್ತಿತ್ತು

ಆದ್ರೆ ‘ರಾಮಾಶ್ವಮೇಧ’ ತೆರೆದು ನೋಡಿದ್ರೆ ಒಂದು ವಿಚಿತ್ರ ಕಾಣುತ್ತೆ. ಕಥೆ ರಾಮನ ಅಶ್ವಮೇಧದ್ದು. ಅದನ್ನ ಹೇಳ್ತಿರೋನು ಮುದ್ದಣ ಅನ್ನೋ ಕವಿ, ಕೇಳ್ತಿರೋಳು ಅವನ ಹೆಂಡತಿ ಮನೋರಮೆ. ಮಳೆಗಾಲ. ಹೊರಗೆ ಹೋಗಿದ್ದ ಗಂಡ ಮನೆಗೆ ಬಂದಿದ್ದಾನೆ. ಹೊತ್ತು ಹೋಗ್ತಿಲ್ಲ, ಒಂದು ಕಥೆ ಹೇಳು ಅಂತ ಹೆಂಡತಿ ಕೇಳ್ತಾಳೆ. ಯಾವ ಕಥೆ ಅಂತ ಚರ್ಚೆ ಆಗುತ್ತೆ. ಪದ್ಯದಲ್ಲಿ ಹೇಳಲಾ ಅಂದ್ರೆ ಅವಳು ಬೇಡ ಅಂತಾಳೆ, ಗದ್ಯವೇ ಇರಲಿ ಅಂತಾಳೆ. ಸಂಸ್ಕೃತದ ಭಾರ ಹಾಕಬೇಡ, ಕನ್ನಡಕ್ಕೆ ಹೊಂದೋ ಹಾಗೆ ಬೆರೆಸು ಅನ್ನೋವರೆಗೂ ಮಾತು ಹೋಗುತ್ತೆ. ನಡುನಡುವೆ ಕಥೆ ನಿಲ್ಲಿಸಿ ಅವಳು ಪ್ರಶ್ನೆ ಕೇಳ್ತಾಳೆ, ಗಂಡನನ್ನ ಚುಡಾಯಿಸ್ತಾಳೆ, ಅವನೂ ಬಿಡಲ್ಲ.

ಹಳೇ ಕಾಲದ ಕವಿ ಅಂತ ವೇಷ ಹಾಕ್ಕೊಂಡು ಬಂದವನು, ಆ ವೇಷದ ಒಳಗೆ ತನ್ನ ಮನೆಯ ಜಗಲಿಯನ್ನೇ ಇಟ್ಟುಬಿಟ್ಟಿದ್ದಾನೆ. ಕರಾವಳಿಯ ಮಳೆ ಇದೆ, ಗಂಡ ಹೆಂಡತಿಯ ತಮಾಷೆ ಇದೆ, ತನ್ನ ಬರವಣಿಗೆ ಹೇಗಿರಬೇಕು ಅನ್ನೋ ಯೋಚನೆ ಇದೆ. ಇನ್ನು ‘ಮುದ್ದಣ’ ಅನ್ನೋ ಹೆಸರು? ಚಿಕ್ಕವನಿದ್ದಾಗ ಮುದ್ದಾಗಿದ್ದ ಅಂತ ಅಮ್ಮ ಹಾಗೆ ಕರೀತಿದ್ರಂತೆ. ಊರಿನವರು ಕರೆಯೋ ಹೆಸರು ಬಚ್ಚಿಟ್ಟು, ಅಮ್ಮ ಕರೆಯೋ ಹೆಸರು ಕೊಟ್ಟಿದ್ದಾರೆ. ಪೂರ್ತಿ ಬಚ್ಚಿಟ್ಕೊಳ್ಳೋಕೆ ಮನಸ್ಸು ಬರಲಿಲ್ಲ ಅನ್ನಿಸುತ್ತೆ.

1901ರ ಫೆಬ್ರವರಿ. ಕ್ಷಯರೋಗ. ಲಕ್ಷ್ಮೀನಾರಣಪ್ಪನವರು ತೀರಿಕೊಂಡಾಗ ವಯಸ್ಸು 31. ಹೊಸಗನ್ನಡ ಗದ್ಯದ ಮುಂಗೋಳಿ ಅಂತ ಇವತ್ತು ನಾವು ಕೊಂಡಾಡೋದು ಅವರನ್ನೇ. ಆದ್ರೆ ಅವರು ಬದುಕಿದ್ದಾಗ ಮೈಸೂರಿನಲ್ಲಿ ‘ರಾಮಾಶ್ವಮೇಧ’ ಓದಿ ಖುಷಿಪಟ್ಟವರಿಗೆ, ಉಡುಪಿಗೆ ಒಂದು ಕಾರ್ಡ್ ಬರೆದು ‘ಸ್ವಾಮಿ, ಚೆನ್ನಾಗಿ ಬರೆದಿದ್ದೀರಿ’ ಅನ್ನೋಕೆ ದಾರಿನೇ ಇರಲಿಲ್ಲ. ವಿಳಾಸ ಗೊತ್ತಿಲ್ಲ ಅಂತಲ್ಲ, ಅಂಥ ಮನುಷ್ಯ ಇದ್ದಾನೆ ಅಂತಲೇ ಗೊತ್ತಿಲ್ಲ. ಪರಿಚಯ ಮಾಡಿಕೊಳ್ಳದೇ ಇದ್ರೆ ನಷ್ಟ ಬರೆಯೋನಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಇಲ್ಲ, ಓದೋರಿಗೂ ನಷ್ಟ.

ಪರಿಚಯ ಯಾತಕ್ಕೆ?

1907ರಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂತು. ಯಾವ ಕವಿ ಯಾವ ಕಾಲದವನು, ಎಲ್ಲಿಯವನು, ಯಾರ ಆಶ್ರಯದಲ್ಲಿದ್ದ ಅಂತ ಜೋಡಿಸಿದ ಪುಸ್ತಕ. ಅದಕ್ಕೆ ಸಾಮಗ್ರಿ ಬಂದದ್ದು ಎಲ್ಲಿಂದ? ಒಂದು ಕಡೆ ಶಾಸನಗಳು. ಇನ್ನೊಂದು ಕಡೆ ಕವಿಗಳೇ ತಮ್ಮ ಬಗ್ಗೆ ಬರೆದಿಟ್ಟ ಮಾತುಗಳು. ಪಂಪ ತನ್ನ ಸಂವತ್ಸರ ಹೇಳದೇ ಇದ್ದಿದ್ರೆ, ರನ್ನ ತನ್ನ ಊರು ಹೇಳದೇ ಇದ್ದಿದ್ರೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ದೊಡ್ಡ ದೊಡ್ಡ ತೂತುಗಳಿರ್ತಿದ್ವು. ಅವರ ಜಂಭ ಅಂತ ನಾನು ನಕ್ಕಿದ್ದೆನಲ್ಲ, ಆ ಜಂಭವೇ ಇವತ್ತು ದಾಖಲೆ.

ಇಷ್ಟು ಓದಿಕೊಂಡು ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ರು, ಮೂವತ್ತು ವರ್ಷ ಬೇರೆಯವರ ಲೆಕ್ಕ ಬರೆದವರು. ಪುಸ್ತಕದ ರಟ್ಟಿನ ಮೇಲೆ ಮಂಡಿ ಮಾಲೀಕರ ಹೆಸರು, ಒಳಗೆಲ್ಲ ಅಪ್ಪನ ಅಕ್ಷರ. ಮುದ್ದಣನ ಕಥೆ ಹೇಳಿದೆ. ಪಾಡ್‌ಕಾಸ್ಟ್ ಮಾಡ್ಬೇಕು ಅಂತಿದ್ದೀನಿ, ಹೆಸರು ಹಾಕ್ಕೊಳ್ಳೋಕೆ ಭಯ ಆಗುತ್ತೆ ಅಂದೆ. ಅಪ್ಪ ಸುಮ್ನೆ ಎಲೆಗೆ ಸುಣ್ಣ ಹಚ್ತಾ ಕೇಳಿಸ್ಕೊಂಡ್ರು. ಆಮೇಲೆ ಹೇಳಿದ್ರು:

‘ನಾನು ದಿನಾ ಸಂಜೆ ಪುಟದ ಕೆಳಗೆ ಸಣ್ಣದಾಗಿ ಸಹಿ ಹಾಕ್ತಿದ್ದೆ ಕಣಪ್ಪ. ದೊಡ್ಡಸ್ತಿಕೆಗಲ್ಲ. ನಾಳೆ ಲೆಕ್ಕ ತಪ್ಪಿದ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ?’

ನಾನು ಇಷ್ಟು ದಿನ ತಪ್ಪು ಪ್ರಶ್ನೆ ಕೇಳ್ಕೊಳ್ತಿದ್ದೆ ಅಂತ ಆಗ ಗೊತ್ತಾಯ್ತು. ‘ಹೇಳೋಕೆ ನಿಂಗೇನು ಅರ್ಹತೆ ಇದೆ’ ಅನ್ನೋ ಪ್ರಶ್ನೆಗೆ ಉತ್ತರ ಹುಡುಕ್ತಿದ್ದೆ. ಓದುಗರು, ಕೇಳುಗರು ಕೇಳೋದು ಅದನ್ನಲ್ಲ. ನೀನು ಎಲ್ಲಿಂದ ಬಂದೆ, ಯಾರಿಂದ ಕಲಿತೆ, ತಪ್ಪಾದ್ರೆ ಯಾರನ್ನ ಹಿಡೀಬೇಕು, ಅಷ್ಟೇ.

ಹಾಗಾದ್ರೆ ಹನ್ನೆರಡನೇ ಸಲ. ಇದನ್ನ ಅಳಿಸಲ್ಲ.

ನನ್ನ ಹೆಸರು ನಿಮ್ಮ ಫೋನಿನ ಪರದೆ ಮೇಲಿದೆ, ಅದು ನನ್ನದೇ ಹೆಸರು. ಊರು ತಿಪಟೂರು, ಈಗ ಇರೋದು ಬೆಂಗಳೂರಿನ ಒಂದು ಬಾಡಿಗೆ ರೂಮಲ್ಲಿ. ಫ್ಯಾನ್ ಸದ್ದು ಕೇಳಿಸಿದ್ರೆ ಕ್ಷಮಿಸಿ. ಓದಿದ್ದು ಬಿ.ಕಾಂ. ಇತಿಹಾಸದಲ್ಲಿ ನಂಗೆ ಡಿಗ್ರಿ ಇಲ್ಲ. ಶಾಸನದ ಲಿಪಿ ಓದೋಕೆ ಬರಲ್ಲ, ಓದಬಲ್ಲವರ ಪುಸ್ತಕಗಳನ್ನ ಓದ್ತೀನಿ. ಹಳಗನ್ನಡ ಓದುವಾಗ ಪಕ್ಕದಲ್ಲಿ ನಿಘಂಟು ಇರಲೇಬೇಕು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ‘ರಾಮಾಶ್ವಮೇಧ’ದ ಪಾಠವನ್ನ ಮುದ್ದಣನಿಗೆ ಒಂದು ದನಿ, ಮನೋರಮೆಗೆ ಒಂದು ದನಿ ಮಾಡಿ ಓದಿದ್ರು. ಈ ಹುಚ್ಚು ಹತ್ತಿದ್ದು ಅವತ್ತು, ಋಣ ಅವರದ್ದು. ಲೆಕ್ಕ ತಾಳೆ ನೋಡೋ ಅಭ್ಯಾಸ ಅಪ್ಪನದ್ದು. ನಾನು ಹೇಳಿದ್ದು ತಪ್ಪು ಅಂತ ತಿಳಿದ್ರೆ ಮುಂದಿನ ಕಂತಿನ ಮೊದಲ ನಿಮಿಷದಲ್ಲೇ ತಿದ್ದುಪಡಿ ಹೇಳ್ತೀನಿ, ಕೊನೆಗೆ ತಳ್ಳಲ್ಲ.

ಇಷ್ಟೇ ನನ್ನ ಪರಿಚಯ. ಬಾಳೆತಿರುಳಿನ ಮೈಬಣ್ಣ, ತಾವರೆಯಂಥ ಮುಖ ಅಂತೆಲ್ಲ ಹೇಳ್ಕೊಳ್ಳೋಕೆ ಪಂಪನಷ್ಟು ಧೈರ್ಯ ಇಲ್ಲ. ಗುಂಗುರು ಕೂದಲು ಮಾತ್ರ ಇದೆ.

ಮುಂದಿನ ವಾರ ರನ್ನ ತನ್ನ ಮಗಳಿಗೆ ಹೆಸರಿಟ್ಟನಲ್ಲ, ಆ ಅತ್ತಿಮಬ್ಬೆಯ ಕಥೆ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅಂತ ಹೆಸರಾದವಳು. ಅಲ್ಲಿವರೆಗೆ ನಿಮಗೂ ಒಂದು ಕೆಲಸ. ಬಚ್ಚಿಟ್ಟಿರೋ ಬರಹ ಏನಾದ್ರೂ ನಿಮ್ಮ ಫೋನಲ್ಲಿದ್ರೆ, ಅದರ ಕೆಳಗೆ ನಿಮ್ಮ ಹೆಸರು, ಊರು ಬರೆದಿಡಿ. ಯಾರಿಗೂ ತೋರಿಸೋದು ಬೇಡ, ಸುಮ್ನೆ ಬರೆದಿಡಿ.